ಆಂಟಿಬಯೋಟಿಕ್ ಮತ್ತು ಹಾರ್ಮೋನ್ ಔಷಧಿಗಳು: ವಾರ್ಡಿನಲ್ಲಿ ಕೈಗೆ ಬರುವ ಹಾಗೆ ಓದೋದು ಹೇಗೆ?

ಕಾಳಿದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೂರನೇ ಸೆಮಿಸ್ಟರ್ ಓದ್ತಿದ್ದೇನೆ. ಫಾರ್ಮಕಾಲಜಿಯಲ್ಲಿ ಆಂಟಿಬಯೋಟಿಕ್ ಮತ್ತು ಹಾರ್ಮೋನ್ ಔಷಧಿಗಳ ಪಾಠ ಒಟ್ಟಿಗೇ ನಡೀತಿದೆ. ಹೆಸರು ಬಾಯಿಪಾಠ ಮಾಡಿದರೆ ಮೂರು ದಿನದಲ್ಲಿ ಮರೆತುಹೋಗ್ತದೆ. ಪರೀಕ್ಷೆ ಹೇಗೋ ಪಾಸಾಗಬಹುದು, ವಾರ್ಡಿನಲ್ಲಿ ತಪ್ಪಬಾರದು ಅನ್ನೋದು ನನ್ನ ಚಿಂತೆ.

ಮುಖ್ಯವಾಗಿ ಕೇಳಬೇಕಾಗಿದ್ದು ಇಷ್ಟು. ಸೆಫ್ಟ್ರಿಯಾಕ್ಸೋನ್ ಪುಡಿಯನ್ನು ಒಮ್ಮೆ ಸ್ಟೆರೈಲ್ ವಾಟರಿನಲ್ಲಿ, ಒಮ್ಮೆ ಲಿಗ್ನೋಕೇನಿನಲ್ಲಿ ಕರಗಿಸ್ತಾರೆ, ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಮಾತ್ರ ಬೇಡವೇ ಬೇಡ ಅಂತಾರೆ, ಯಾಕೆ? ಕೆಲವು ಆಂಟಿಬಯೋಟಿಕ್ ದಿನಕ್ಕೆ ಒಂದೇ ಸಲ, ಕೆಲವು 8 ಗಂಟೆಗೊಮ್ಮೆ, ಇದರ ಹಿಂದಿನ ಲೆಕ್ಕ ಏನು? ಇನ್ಸುಲಿನ್ ಸಿರಿಂಜಿನ ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ ಅದಲುಬದಲಾದರೆ ನಿಜವಾಗಿ ಎಷ್ಟು ವ್ಯತ್ಯಾಸ? ಆಂಟಿಬಯೋಟಿಕ್ ನುಂಗಿದರೆ ಗರ್ಭನಿರೋಧಕ ಗುಳಿಗೆ ಮಾಲಾ-ಎನ್ ಕೆಲಸ ಮಾಡೋದಿಲ್ಲ ಅನ್ನೋದು ಹೌದಾ? ತಿಳಿದವರು ಬಿಡಿಸಿ ಹೇಳಿ.

ಶಿರಸಿ_ಟ್ಯೂಟರ್

ಔಷಧಿಯ ಹೆಸರಿನಿಂದ ಓದು ಶುರು ಮಾಡಬೇಡಿ, ಅದು ಹೊಡೆಯುವ ಜಾಗದಿಂದ ಶುರು ಮಾಡಿ. ಬ್ಯಾಕ್ಟೀರಿಯಾದಲ್ಲಿ ಇದ್ದು ನಮ್ಮ ಜೀವಕೋಶದಲ್ಲಿ ಇಲ್ಲದ್ದು, ಅಥವಾ ಇದ್ದರೂ ಬೇರೆ ಥರ ಇರುವಂಥದ್ದು ಯಾವುದು? ಕೋಶದ ಗೋಡೆ, ರೈಬೋಸೋಮ್, ಡಿಎನ್‌ಎ ಸುರುಳಿ ಬಿಡಿಸುವ ಕಿಣ್ವ, ಫೋಲಿಕ್ ಆಮ್ಲದ ತಯಾರಿ. ದಿನಾ ವಾರ್ಡಿನಲ್ಲಿ ಕಾಣುವ ಆಂಟಿಬಯೋಟಿಕ್‌ಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲಿ ಒಂದಕ್ಕೆ ಸೇರುತ್ತವೆ.

ಚಿರೆಕಲ್ಲಿನ ಗೋಡೆ ಕಟ್ಟುವಾಗ ಕಲ್ಲು ಬಂತು, ಗಾರೆ ಬರಲಿಲ್ಲ ಅಂದುಕೊಳ್ಳಿ. ಪೆನಿಸಿಲಿನ್, ಸೆಫಲೋಸ್ಪೋರಿನ್, ಮೆರೋಪೆನೆಮ್ ಮಾಡುವುದು ಅದನ್ನೇ. ಹೊಸ ಗೋಡೆಯ ಎಳೆಗಳು ಒಂದಕ್ಕೊಂದು ಬೆಸೆಯದಂತೆ ತಡೆಯುತ್ತವೆ, ಒಳಗೆ ನೀರು ನುಗ್ಗಿ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ಗೋಡೆ ಕಟ್ಟುತ್ತಿರುವ ಹೊತ್ತಿನಲ್ಲಷ್ಟೇ ಈ ಏಟು ತಾಗುತ್ತದೆ. ಹಾಗಾಗಿ ಔಷಧಿ ರಕ್ತದಲ್ಲಿ ಒಂದು ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದೇ ಇಲ್ಲಿ ಮುಖ್ಯ, ಒಮ್ಮೆಗೇ ಎಷ್ಟು ಏರಿತು ಅನ್ನುವುದಲ್ಲ.

ನಿಮ್ಮ 8 ಗಂಟೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅಮಾಕ್ಸಿಸಿಲಿನ್ ಸುಮಾರು ಒಂದು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ಅದಕ್ಕೇ ದಿನಕ್ಕೆ ಮೂರು ಸಲ. ಸೆಫ್ಟ್ರಿಯಾಕ್ಸೋನ್ ಅರ್ಧಕ್ಕೆ ಇಳಿಯಲು ಸುಮಾರು 8 ಗಂಟೆ ಬೇಕು, ಅದಕ್ಕೆ ಒಂದು ಅಥವಾ ಎರಡು ಸಲ ಸಾಕು. ಕೇಸ್ ಶೀಟಿನಲ್ಲಿ 8 ಗಂಟೆಗೊಮ್ಮೆ ಎಂದಿದ್ದರೆ ಅದು ಊಟದ ಮೂರು ಹೊತ್ತಲ್ಲ. ಬೆಳಿಗ್ಗೆ 9, ಮಧ್ಯಾಹ್ನ 1, ರಾತ್ರಿ 9 ಎಂದು ಕೊಟ್ಟರೆ ರಾತ್ರಿಯಿಂದ ಬೆಳಿಗ್ಗೆವರೆಗೆ 12 ತಾಸು ಖಾಲಿ ಬಿತ್ತು, ಬ್ಯಾಕ್ಟೀರಿಯಾ ಅಷ್ಟರಲ್ಲಿ ಗೋಡೆ ಕಟ್ಟಿಕೊಂಡಿತು. 6, 2, 10 ಎಂದು ಬರೆದುಕೊಳ್ಳಿ. ಡ್ಯೂಟಿ ಬದಲಾಗುವ ಹೊತ್ತಿನ ಡೋಸ್ ತಪ್ಪುವುದು ಹೆಚ್ಚು, ಹ್ಯಾಂಡೋವರಿನಲ್ಲಿ ಬಾಯಿಬಿಟ್ಟು ಹೇಳಿ.

ಜೆಂಟಾಮೈಸಿನ್, ಅಮಿಕಾಸಿನ್ ಇದಕ್ಕೆ ತೀರಾ ವಿರುದ್ಧ. ಇವು ರೈಬೋಸೋಮಿನ 30ಎಸ್ ಭಾಗಕ್ಕೆ ಹೊಡೆಯುತ್ತವೆ. ಒಮ್ಮೆಗೇ ಮಟ್ಟ ಮೇಲೇರಿದಷ್ಟೂ ಚೆನ್ನಾಗಿ ಕೊಲ್ಲುತ್ತವೆ, ಔಷಧಿ ಇಳಿದ ಮೇಲೂ ಕೆಲ ಗಂಟೆ ಬ್ಯಾಕ್ಟೀರಿಯಾ ಏಳುವುದಿಲ್ಲ. ಅಮಿಕಾಸಿನ್ ಕಿಲೋಗೆ 15 ಮಿ.ಗ್ರಾಂನಂತೆ ದಿನಕ್ಕೆ ಒಂದೇ ಸಲ ಕೊಡುವುದು ಅದಕ್ಕೇ. ಉಳಿದ ಹೊತ್ತು ಮಟ್ಟ ತಗ್ಗಿದ್ದರೆ ಕಿಡ್ನಿಗೂ ಒಳಕಿವಿಗೂ ಬಿಡುವು ಸಿಗುತ್ತದೆ. 100 ಮಿ.ಲೀ. ಎನ್‌ಎಸ್‌ನಲ್ಲಿ (ನಾರ್ಮಲ್ ಸಲೈನಿನಲ್ಲಿ) ಹಾಕಿ 30ರಿಂದ 60 ನಿಮಿಷ ಬಿಡಿ. ಕೊಡುವ ಮೊದಲು ಕ್ರಿಯೇಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿ, ಮೂತ್ರದ ಪ್ರಮಾಣ ನೋಡಿ. ‘ಕಿವಿಯಲ್ಲಿ ಗುಂಯ್ ಅಂತದೆ’ ಎಂದು ರೋಗಿ ಹೇಳಿದರೆ ಅದನ್ನು ವಯಸ್ಸಿನ ತೊಂದರೆ ಎಂದು ತಳ್ಳಿಹಾಕದೆ ಡಾಕ್ಟರಿಗೆ ತಿಳಿಸಿ. ಜೊತೆಗೆ ಮೂತ್ರ ಹೆಚ್ಚಿಸುವ ಫ್ರೂಸೆಮೈಡ್ ನಡೆಯುತ್ತಿದ್ದರೆ ಕಿವಿಯ ಅಪಾಯ ಇನ್ನೂ ಹೆಚ್ಚು.

ಹೆಸರಿನ ಬಾಲ ನೋಡಿ ಗುಂಪು ಹೇಳುವುದರಲ್ಲಿ ಒಂದು ದೊಡ್ಡ ಗುಂಡಿ ಇದೆ. ಜೆಂಟಾಮೈಸಿನ್, ಅಜಿಥ್ರೋಮೈಸಿನ್, ಕ್ಲಿಂಡಾಮೈಸಿನ್, ವ್ಯಾಂಕೋಮೈಸಿನ್ ನಾಲ್ಕಕ್ಕೂ ಬಾಲ ಒಂದೇ, ಗುಂಪು ನಾಲ್ಕು ಬೇರೆ. ‘ಸಿಲಿನ್’, ‘ಸೆಫ್’, ‘ಪೆನೆಮ್’, ‘ಫ್ಲಾಕ್ಸಾಸಿನ್’ ನಂಬಬಹುದು. ‘ಮೈಸಿನ್’ ನಂಬಬೇಡಿ.

ಈಗ ಸೆಫ್ಟ್ರಿಯಾಕ್ಸೋನ್. 1 ಗ್ರಾಂ ವಯಲನ್ನು ನರಕ್ಕೆ ಕೊಡುವುದಾದರೆ ಸುಮಾರು 10 ಮಿ.ಲೀ. ಸ್ಟೆರೈಲ್ ವಾಟರಿನಲ್ಲಿ ಕರಗಿಸಿ 2ರಿಂದ 4 ನಿಮಿಷ ನಿಧಾನವಾಗಿ ಕೊಡುವುದು, ಇಲ್ಲವೇ ಎನ್‌ಎಸ್‌ನಲ್ಲಿ ಬೆರೆಸಿ ಅರ್ಧ ಗಂಟೆ ಡ್ರಿಪ್. ಮಾಂಸಖಂಡಕ್ಕಾದರೆ ಬಹಳ ನೋಯುತ್ತದೆ, ಅದಕ್ಕೆ 1 ಶೇಕಡಾ ಲಿಗ್ನೋಕೇನ್ 3.5 ಮಿ.ಲೀ.ನಲ್ಲಿ ಕರಗಿಸುತ್ತಾರೆ. ಲಿಗ್ನೋಕೇನ್ ಹಾಕಿದ ಆ ಸಿರಿಂಜು ಯಾವ ಕಾರಣಕ್ಕೂ ನರಕ್ಕೆ ಹೋಗಬಾರದು, ಹೃದಯದ ಬಡಿತ ಏರುಪೇರಾದೀತು. ತುಂಬಿಸಿದ ಕೂಡಲೇ ಸಿರಿಂಜಿನ ಮೇಲೆ ಪ್ಲಾಸ್ಟರ್ ಅಂಟಿಸಿ ‘ಮಾಂಸಖಂಡಕ್ಕೆ ಮಾತ್ರ’ ಎಂದು ಬರೆಯಿರಿ. ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ. ಸೆಫ್ಟ್ರಿಯಾಕ್ಸೋನ್ ಕ್ಯಾಲ್ಸಿಯಂ ಜೊತೆ ಸೇರಿದರೆ ಕರಗದ ಹರಳು ಕಟ್ಟುತ್ತದೆ. ನವಜಾತ ಶಿಶುಗಳಲ್ಲಿ ಆ ಹರಳು ಶ್ವಾಸಕೋಶ, ಕಿಡ್ನಿಗಳಲ್ಲಿ ಕೂತು ಜೀವ ಹೋದದ್ದಿದೆ. 28 ದಿನದೊಳಗಿನ ಮಗುವಿಗೆ ಕ್ಯಾಲ್ಸಿಯಂ ಇರುವ ದ್ರವ ನಡೆಯುತ್ತಿದ್ದರೆ ಸೆಫ್ಟ್ರಿಯಾಕ್ಸೋನ್ ಬೇಡ. ದೊಡ್ಡವರಲ್ಲಿ ಆರ್‌ಎಲ್ ನಿಲ್ಲಿಸಿ, ಎನ್‌ಎಸ್‌ನಿಂದ ಲೈನ್ ಚೆನ್ನಾಗಿ ಫ್ಲಶ್ ಮಾಡಿ, ಆಮೇಲೆ ಕೊಡಿ.

ವ್ಯಾಂಕೋಮೈಸಿನ್ ಅವಸರದ ಔಷಧಿಯಲ್ಲ. 1 ಗ್ರಾಂ ಆದರೆ 200 ಮಿ.ಲೀ.ನಲ್ಲಿ, ಕಡಿಮೆ ಅಂದರೆ 60 ನಿಮಿಷ. ಬೇಗ ಹರಿಸಿದರೆ ಮುಖ, ಕುತ್ತಿಗೆ, ಎದೆ ಕೆಂಪಾಗಿ ತುರಿಕೆ ಬರುತ್ತದೆ, ಬಿಪಿ ಇಳಿಯಬಹುದು. ಹೆಚ್ಚಿನ ಸಲ ಇದು ನಿಜವಾದ ಅಲರ್ಜಿಯಲ್ಲ, ವೇಗದಿಂದ ಆದದ್ದು. ಡ್ರಿಪ್ ನಿಲ್ಲಿಸಿ, ತಿಳಿಸಿ, ಡಾಕ್ಟರು ಹೇಳಿದ ಮೇಲೆ ನಿಧಾನವಾಗಿ ಮತ್ತೆ ಶುರು.

ಇಷ್ಟೂ ಹೇಳಿದ ಮೇಲೆ ನಮ್ಮ ಜಿಲ್ಲೆಯದೇ ಒಂದು ಮಾತು. ಮಳೆಗಾಲದಲ್ಲಿ ಗದ್ದೆ, ತೋಟದ ಕೆಲಸದವರಿಗೆ ಬರುವ ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ನಾಟುತ್ತದೆ, ಯಾಕೆಂದರೆ ಅದು ಬ್ಯಾಕ್ಟೀರಿಯಾ. ಸಿದ್ದಾಪುರ ಕಡೆಯ ಮಂಗನ ಕಾಯಿಲೆ ವೈರಸ್ಸಿನದು, ಅದಕ್ಕೆ ಯಾವ ಆಂಟಿಬಯೋಟಿಕ್ಕೂ ನಾಟುವುದಿಲ್ಲ. ‘ಜ್ವರಕ್ಕೆ ಆಂಟಿಬಯೋಟಿಕ್ ಯಾಕೆ ಕೊಡ್ಲಿಲ್ಲ’ ಎಂದು ಮನೆಯವರು ಕೇಳಿದಾಗ ಇದೇ ಎರಡು ಹೆಸರು ಹಿಡಿದು ಬಿಡಿಸಿ ಹೇಳಿ, ತಟ್ಟನೆ ಅರ್ಥವಾಗುತ್ತದೆ. ಡಾಕ್ಸಿಸೈಕ್ಲಿನ್ ನುಂಗುವವರಿಗೆ ದೊಡ್ಡ ಲೋಟ ನೀರು ಕೊಟ್ಟು ಅರ್ಧ ಗಂಟೆ ಕೂರಿಸಿ. ಎರಡು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಗುಳಿಗೆ ಅನ್ನನಾಳಕ್ಕೆ ಅಂಟಿ ಹುಣ್ಣಾಗುತ್ತದೆ.

ಅಂಕೋಲಾ_ಫಾರ್ಮಸಿ

ಇನ್ಸುಲಿನ್ ಸಿರಿಂಜಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇಲ್ಲಿ ತಪ್ಪಿದರೆ ರಾತ್ರಿ ಕಳೆಯುವುದರೊಳಗೆ ರೋಗಿ ಎಚ್ಚರ ತಪ್ಪುತ್ತಾರೆ.

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವಯಲ್ ಯು-40, ಅಂದರೆ 1 ಮಿ.ಲೀ.ಗೆ 40 ಯೂನಿಟ್. 10 ಮಿ.ಲೀ. ವಯಲಿನಲ್ಲಿ ಒಟ್ಟು 400 ಯೂನಿಟ್. ಇದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ 3 ಮಿ.ಲೀ. ಕಾರ್ಟ್ರಿಜ್ ಯು-100, ಒಟ್ಟು 300 ಯೂನಿಟ್. ಯು-100 ವಯಲುಗಳೂ ಇವೆ, ಅವಕ್ಕೆ ಕಿತ್ತಳೆ ಮುಚ್ಚಳ.

ಲೆಕ್ಕ ಹೀಗೆ. ಆರ್ಡರ್ 16 ಯೂನಿಟ್. ಪೆನ್ ಕೆಟ್ಟಿದೆ ಎಂದು ಯಾರೋ ಕಾರ್ಟ್ರಿಜಿನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 16ರ ಗೆರೆವರೆಗೆ ಎಳೆದರು ಅನ್ನಿ. ಆ ಸಿರಿಂಜಿನಲ್ಲಿ 16ರ ಗೆರೆ ಎಂದರೆ 0.4 ಮಿ.ಲೀ. ಯು-100 ಔಷಧಿ 0.4 ಮಿ.ಲೀ. ಎಂದರೆ 40 ಯೂನಿಟ್. ಎರಡೂವರೆ ಪಟ್ಟು ಒಳಗೆ ಹೋಯಿತು. ತಿರುಗಾಮುರುಗಾ ಆದರೆ, ಅಂದರೆ ಯು-40 ವಯಲಿಗೆ ಕಿತ್ತಳೆ ಸಿರಿಂಜು ಹಾಕಿದರೆ, 16ರ ಗೆರೆ 0.16 ಮಿ.ಲೀ., ಹೋದದ್ದು ಆರೂವರೆ ಯೂನಿಟ್ಟಿನ ಹತ್ತಿರ. ಮರುದಿನ ಶುಗರ್ 350 ಬಂತು, ಡೋಸ್ ಏರಿಸಿದರು, ಆಮೇಲೆ ಯಾರೋ ಸರಿಯಾದ ಸಿರಿಂಜು ಹಿಡಿದ ದಿನ ರೋಗಿ ಕುಸಿದರು. ಹೀಗೆ ಒಂದು ತಪ್ಪಿಗೆ ಇನ್ನೊಂದು ಗಂಟು ಬೀಳುತ್ತದೆ. ಗುಣಿಸಿ ಭಾಗಿಸಿ ಇನ್ನೊಂದು ಸಿರಿಂಜಿನಲ್ಲಿ ಹೊಂದಿಸಿಕೊಳ್ಳುವ ಜಾಣತನ ಬೇಡ, ಸರಿಯಾದ ಸಿರಿಂಜು ತರಿಸಿ.

ಗೆರೆಗಳನ್ನೂ ಕಣ್ಣಿಟ್ಟು ನೋಡಿ. 1 ಮಿ.ಲೀ. ಯು-40 ಸಿರಿಂಜಿನಲ್ಲಿ ಒಂದು ಸಣ್ಣ ಗೆರೆಗೆ ಸಾಮಾನ್ಯವಾಗಿ ಒಂದು ಯೂನಿಟ್, 1 ಮಿ.ಲೀ. ಯು-100ರಲ್ಲಿ ಎರಡು.

ಎರಡು ಇನ್ಸುಲಿನ್ ಬೆರೆಸುವಾಗ ತಿಳಿಯಾಗಿರುವ ರೆಗ್ಯುಲರ್ ಮೊದಲು, ಕದಡಿದಂತಿರುವ ಎನ್‌ಪಿಎಚ್ ಆಮೇಲೆ. ಎನ್‌ಪಿಎಚ್ ವಯಲನ್ನು ಅಂಗೈಗಳ ನಡುವೆ ಹತ್ತಿಪ್ಪತ್ತು ಸಲ ಉರುಳಿಸಿ, ಕುಲುಕಬೇಡಿ. ಎನ್‌ಪಿಎಚ್ ಡೋಸಿನಷ್ಟು ಗಾಳಿಯನ್ನು ಅದರೊಳಗೆ ಬಿಟ್ಟು, ಔಷಧಿ ಎಳೆಯದೆ ಸೂಜಿ ತೆಗೆಯಿರಿ. ಆಮೇಲೆ ರೆಗ್ಯುಲರ್ ವಯಲಿಗೆ ಗಾಳಿ ಬಿಟ್ಟು ಅದರ ಡೋಸ್ ಎಳೆಯಿರಿ, ಕೊನೆಗೆ ಎನ್‌ಪಿಎಚ್. ಈ ಕ್ರಮ ಯಾಕೆಂದರೆ ರೆಗ್ಯುಲರ್ ವಯಲಿಗೆ ಎನ್‌ಪಿಎಚ್‌ನ ಒಂದು ಹನಿ ಸೇರಿದರೂ ಅದರ ಚುರುಕು ಕೆಡುತ್ತದೆ, ಆ ವಯಲನ್ನೇ ನಾಳೆ ಇನ್ನೊಬ್ಬರಿಗೆ ನರದಲ್ಲಿ ಕೊಡಬೇಕಾಗಬಹುದು. ಗ್ಲಾರ್ಜಿನ್ ತಿಳಿಯಾಗಿ ಕಂಡರೂ ಅದನ್ನು ಯಾವುದರ ಜೊತೆಗೂ ಬೆರೆಸಬಾರದು, ನರಕ್ಕೂ ಕೊಡಬಾರದು.

ತೆರೆಯದ ವಯಲ್ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರಿನ ಗೋಡೆಗೆ ತಾಗಬಾರದು. ಬಳಸುತ್ತಿರುವ ವಯಲಿಗೆ ತೆರೆದ ದಿನಾಂಕ ಬರೆದು 28 ದಿನಕ್ಕೆ ಎಸೆಯಿರಿ. ಫ್ರಿಜ್ ಇಲ್ಲದ ಮನೆಗೆ ಮಣ್ಣಿನ ಮಡಿಕೆ ಹೇಳಿಕೊಡುತ್ತೇವಲ್ಲ, ಅದರಲ್ಲೂ ಒಂದು ವಿಷಯ ಗಮನದಲ್ಲಿರಲಿ. ಮಡಿಕೆ ತಣ್ಣಗಾಗುವುದು ನೀರು ಆವಿಯಾಗುವುದರಿಂದ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಬಯಲುಸೀಮೆಯಷ್ಟು ಆವಿಯಾಗುವುದಿಲ್ಲ, ಅಷ್ಟು ತಂಪೂ ಆಗುವುದಿಲ್ಲ. ಮಡಿಕೆಯನ್ನು ಕಪಾಟಿನೊಳಗೆ ಮುಚ್ಚಿಡದೆ ಗಾಳಿಯಾಡುವ ನೆರಳಲ್ಲಿ ಇಡಲು ಹೇಳಿ, ವಯಲ್ ನೀರಿಗೆ ತಾಗದ ಹಾಗೆ ಡಬ್ಬಿಯಲ್ಲಿರಲಿ.

ಶುಗರ್ 70ಕ್ಕಿಂತ ಕೆಳಗೆ, ಎಚ್ಚರ ಇದೆ, ನುಂಗಬಲ್ಲರು ಎಂದರೆ ಮೂರು ಚಮಚ ಸಕ್ಕರೆ, ಸುಮಾರು 15 ಗ್ರಾಂ, ನೀರಲ್ಲಿ ಕರಗಿಸಿ ಕೊಟ್ಟು 15 ನಿಮಿಷಕ್ಕೆ ಮತ್ತೆ ಪರೀಕ್ಷೆ. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬಾರದು. ಅವರಿಗೆ ನರದಲ್ಲಿ 25 ಶೇಕಡಾ ಡೆಕ್ಸ್‌ಟ್ರೋಸ್ 100 ಮಿ.ಲೀ., ಅಂದರೆ 25 ಗ್ರಾಂ. ಕ್ಯಾನುಲಾ ಸರಿಯಾಗಿ ನರದಲ್ಲಿದೆಯೇ ಎಂದು ಮೊದಲು ನೋಡಿ, ಹೊರಗೆ ಸೋರಿದರೆ ಚರ್ಮ ಸುಟ್ಟಂತೆ ಆಗುತ್ತದೆ.

ಕಾಳಿದಂಡೆ

ಎರಡೂವರೆ ಪಟ್ಟಿನ ಲೆಕ್ಕ ಈಗ ತಲೆಗೆ ಹತ್ತಿತು, ಧನ್ಯವಾದ ಸರ್. ಒಂದು ಸಂಶಯ, ಟೆಸ್ಟ್ ಡೋಸ್ ಕೊಟ್ಟು ಏನೂ ಆಗಲಿಲ್ಲ ಅಂದರೆ ಆಂಟಿಬಯೋಟಿಕ್ ಪೂರ್ತಿ ಸುರಕ್ಷಿತ ಅಂತಲೇ ಅಲ್ವಾ? ಹಾರ್ಮೋನಿನ ಉಳಿದ ಭಾಗವನ್ನೂ ಯಾರಾದರೂ ಹೇಳಿ.

ಹೆರಿಗೆಕೋಣೆ_ಕುಮಟಾ

ತಂಗಿ, ಟೆಸ್ಟ್ ಡೋಸಿನ ಮೇಲೆ ಅಷ್ಟು ಭಾರ ಹಾಕಬೇಡ. ಚರ್ಮದೊಳಗೆ 0.1 ಮಿ.ಲೀ. ಕೊಟ್ಟು ಗುಳ್ಳೆ ದೊಡ್ಡದಾಗಲಿಲ್ಲ ಎಂದ ಮಾತ್ರಕ್ಕೆ ಪೂರ್ತಿ ಡೋಸಿಗೆ ಏನೂ ಆಗದು ಎಂಬ ಖಾತ್ರಿ ಇಲ್ಲ. ನಿಮ್ಮ ಆಸ್ಪತ್ರೆಯ ನಿಯಮದಲ್ಲಿ ಇದ್ದರೆ ಮಾಡು, ಆದರೆ ಕಾಪಾಡುವುದು ನೀನು ಕೇಳುವ ಪ್ರಶ್ನೆ: ‘ಮೊದಲು ಯಾವುದಾದರೂ ಗುಳಿಗೆ, ಇಂಜೆಕ್ಷನ್ ತಕಂಡಾಗ ಮೈಮೇಲೆ ದದ್ದು, ಉಸಿರು ಕಟ್ಟಿದ್ದು, ಮುಖ ಬಾತಿದ್ದು ಉಂಟಾ?’ ಬರೀ ‘ಅಲರ್ಜಿ ಉಂಟಾ’ ಎಂದು ಕೇಳಿದರೆ ಹೆಚ್ಚಿನವರು ಇಲ್ಲ ಅಂತಾರೆ. ಮೊದಲ ಡೋಸ್ ಆದ ಮೇಲೆ ಅರ್ಧ ಗಂಟೆ ಕಣ್ಣಳತೆಯಲ್ಲಿ ಇರಲಿ. ಅನಾಫಿಲಾಕ್ಸಿಸ್ (ಜೀವಕ್ಕೇ ಅಪಾಯವಾಗುವ ಅಲರ್ಜಿ) ಆದರೆ ಮೊದಲ ಔಷಧಿ ಅಡ್ರಿನಲಿನ್, ಅಲರ್ಜಿಗೆ ಕೊಡುವ ಏವಿಲ್ಲೂ ಅಲ್ಲ, ಸ್ಟಿರಾಯ್ಡ್ ಆದ ಹೈಡ್ರೋಕಾರ್ಟಿಸೋನೂ ಅಲ್ಲ. ದೊಡ್ಡವರಿಗೆ 1 ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪ್ಯೂಲಿನಿಂದ 0.5 ಮಿ.ಲೀ., ತೊಡೆಯ ಹೊರ ಮಗ್ಗುಲಿನ ಮಾಂಸಖಂಡಕ್ಕೆ. ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೊಮ್ಮೆ. ಏವಿಲ್ ಹುಡುಕುವ ಹೊತ್ತಿನಲ್ಲಿ ಗಂಟಲು ಮುಚ್ಚಿಹೋಗುತ್ತದೆ.

ಹಾರ್ಮೋನಿಗೆ ಬರೋಣ. ಇವು ಮೈ ತಾನೇ ಮಾಡುವ ವಸ್ತುಗಳು. ಆದ್ದರಿಂದ ಹೊತ್ತು, ಪ್ರಮಾಣ, ನಿಲ್ಲಿಸುವ ರೀತಿ ಮೂರೂ ಮೈಯ ಲೆಕ್ಕಕ್ಕೆ ಹೊಂದಬೇಕು.

ಗರ್ಭಕೋಶ ಬಿಗಿಯಾಗಿಸಿ ರಕ್ತ ನಿಲ್ಲಿಸುವ ಆಕ್ಸಿಟೋಸಿನ್: ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಮಾಂಸಖಂಡಕ್ಕೆ. ನಮ್ಮಲ್ಲಿ ಆಂಪ್ಯೂಲ್ ಹೆಚ್ಚಾಗಿ 5 ಯೂನಿಟ್ಟಿನದು, ಹಾಗಾಗಿ ಎರಡು ಒಡೆಯಬೇಕು. ಒಂದನ್ನೇ ಕೊಟ್ಟು ‘ಕೊಟ್ಟಾಯ್ತು’ ಎಂದು ಬರೆಯುವ ತಪ್ಪು ಇಲ್ಲೇ ಆಗುವುದು. ಕೊಡುವ ಮೊದಲು ಹೊಟ್ಟೆ ಮುಟ್ಟಿ ಒಳಗೆ ಇನ್ನೊಂದು ಮಗು ಇಲ್ಲ ಎಂದು ಖಾತ್ರಿ ಮಾಡಿಕೋ. ನರಕ್ಕೆ ಒಮ್ಮೆಲೇ ನೂಕಬಾರದು, ಬಿಪಿ ಕುಸಿಯುತ್ತದೆ. ಹೆರಿಗೆ ನೋವು ಹೆಚ್ಚಿಸಲು ಡ್ರಿಪ್ ಇಡುವಾಗ 500 ಮಿ.ಲೀ.ಗೆ 5 ಯೂನಿಟ್ ಹಾಕಿದರೆ 1 ಮಿ.ಲೀ.ನಲ್ಲಿ 10 ಮಿಲಿಯೂನಿಟ್. 20 ಹನಿಗೆ 1 ಮಿ.ಲೀ. ಬೀಳುವ ಸೆಟ್ಟಿನಲ್ಲಿ ಒಂದು ಹನಿ ಅರ್ಧ ಮಿಲಿಯೂನಿಟ್, ಅಂದರೆ ನಿಮಿಷಕ್ಕೆ 2 ಮಿಲಿಯೂನಿಟ್ ಬೇಕಾದರೆ 4 ಹನಿ. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ನೋವು ಬಂದರೆ, ಮಗುವಿನ ಎದೆಬಡಿತ 110ಕ್ಕಿಂತ ಕೆಳಗಿಳಿದರೆ ಅಥವಾ 160 ದಾಟಿದರೆ ಮೊದಲು ಡ್ರಿಪ್ ನಿಲ್ಲಿಸು, ಆಮೇಲೆ ಡಾಕ್ಟರನ್ನು ಕರೆ.

ಆಕ್ಸಿಟೋಸಿನ್, ಹೆರಿಗೆಯ ನಂತರ ರಕ್ತ ನಿಲ್ಲಿಸಲು ಕೊಡುವ ಮೆಥರ್ಜಿನ್ ಎರಡೂ ಫ್ರಿಜ್ಜಿನಲ್ಲೇ ಇರುವ ಸಣ್ಣ ಆಂಪ್ಯೂಲುಗಳು. ಬೇರೆ ಬೇರೆ ಡಬ್ಬಿ, ಬೇರೆ ಬೇರೆ ತಟ್ಟೆ. ಹೆರಿಗೆಗೆ ಮೊದಲೇ ಮೆಥರ್ಜಿನ್ ಹೋದರೆ ಗರ್ಭಕೋಶ ಬಿಗಿಹಿಡಿದು ಬಿಡುವುದಿಲ್ಲ, ಮಗುವಿಗೆ ರಕ್ತ ನಿಲ್ಲುತ್ತದೆ. ಬಿಪಿ ಹೆಚ್ಚಿರುವ ಬಾಣಂತಿಗೂ ಅದು ಬೇಡ. ಘಟ್ಟದ ಮೇಲೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಫ್ರಿಜ್ಜಿನ ಥರ್ಮಾಮೀಟರ್ ದಿನಕ್ಕೆರಡು ಸಲ ಬರೆದಿಡಬೇಕು. ಬಿಸಿ ತಾಗಿ ಸತ್ವ ಹೋದ ಆಕ್ಸಿಟೋಸಿನ್ ನೋಡಲು ನೀರಿನ ಹಾಗೇ ಇರುತ್ತದೆ, ರಕ್ತ ನಿಲ್ಲದಾಗಲೇ ಗೊತ್ತಾಗುವುದು.

ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ ಮೈಕ್ರೋಗ್ರಾಂ ಲೆಕ್ಕ, ಮಿಲಿಗ್ರಾಂ ಎಂದು ಬರೆದರೆ ಸಾವಿರ ಪಟ್ಟು ತಪ್ಪು. ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ, ಚಹಾ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೆ 4 ಗಂಟೆ ಅಂತರ. ಥೈರಾಯ್ಡ್ ತೊಂದರೆ ಇರುವ ಗರ್ಭಿಣಿಗೆ ಮೂರೂ ಇರುತ್ತವೆ, ‘ಎಲ್ಲಾ ಒಟ್ಟಿಗೆ ನುಂಗಿಬಿಡ್ತೆ’ ಅಂತಾರೆ. ಹೀಗೆ ಹಂಚಿಕೊಡು: ಬೆಳಿಗ್ಗೆ 6ಕ್ಕೆ ಥೈರಾಕ್ಸಿನ್, ಮಧ್ಯಾಹ್ನದ ಊಟದ ಜೊತೆ ಕ್ಯಾಲ್ಸಿಯಂ, ಸಂಜೆ 4ರ ಸುಮಾರಿಗೆ ಲಿಂಬು ಪಾನಕದಲ್ಲಿ ಕಬ್ಬಿಣ, ರಾತ್ರಿ ಊಟದ ಜೊತೆ ಎರಡನೇ ಕ್ಯಾಲ್ಸಿಯಂ. ಸಂಜೆಯ ಚಹಾ ಕಬ್ಬಿಣಕ್ಕೆ ಒಂದು ಗಂಟೆ ದೂರ ಇರಲಿ. ಥೈರಾಕ್ಸಿನ್ ಗುಳಿಗೆಯನ್ನು ಬಾಟಲಿಯಿಂದ ತೆಗೆದು ಕಾಗದದಲ್ಲಿ ಕಟ್ಟಿಡಬಾರದು, ಮಳೆಗಾಲದ ತೇವಕ್ಕೆ ಕೆಡುತ್ತದೆ. ಇದು ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು, ಅದಕ್ಕೇ ಡೋಸ್ ಬದಲಾಯಿಸಿದ ಮರುವಾರ ಟಿಎಸ್‌ಎಚ್ (ಥೈರಾಯ್ಡಿನ ರಕ್ತಪರೀಕ್ಷೆ) ನೋಡಿದರೆ ಪ್ರಯೋಜನ ಇಲ್ಲ. ಸಾಮಾನ್ಯವಾಗಿ 6ರಿಂದ 8 ವಾರ ಕಾಯಬೇಕು, ಗರ್ಭಿಣಿಯಲ್ಲಿ ಡಾಕ್ಟರು ಇದಕ್ಕಿಂತ ಬೇಗ ನೋಡಿಸುತ್ತಾರೆ.

ಮಾಲಾ-ಎನ್ ಪ್ರಶ್ನೆ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಅಜಿಥ್ರೋಮೈಸಿನ್‌ನಂಥವು ಅದನ್ನು ಕೆಡಿಸುವುದಿಲ್ಲ. ಕೆಡಿಸುವುದು ಟಿಬಿಗೆ ಕೊಡುವ ರಿಫಾಂಪಿಸಿನ್. ಅದು ಲಿವರಿನ ಕಿಣ್ವಗಳನ್ನು ಚುರುಕುಗೊಳಿಸಿ ಹಾರ್ಮೋನನ್ನು ಬೇಗ ಒಡೆದುಹಾಕುತ್ತದೆ. ಟಿಬಿ ಔಷಧಿ ಮುಗಿದ ಮೇಲೂ ಸುಮಾರು 4 ವಾರ ಆ ಪರಿಣಾಮ ಇರುತ್ತದೆ. ಅಂಥವರಿಗೆ ಕಾಪರ್-ಟಿ ಅಥವಾ ಮೂರು ತಿಂಗಳಿಗೊಮ್ಮೆಯ ಅಂತರಾ ಇಂಜೆಕ್ಷನ್ ಬಗ್ಗೆ ಡಾಕ್ಟರ ಜೊತೆ ಮಾತಾಡಿಸು. ಅಂತರಾ ಕೊಟ್ಟ ಜಾಗ ಉಜ್ಜಬಾರದು. ಇನ್ನು ಯಾವ ಔಷಧಿಯಿಂದಲೇ ಆಗಲಿ ಜೋರು ವಾಂತಿ, ಭೇದಿ ಆದರೆ ಮಾಲಾ-ಎನ್ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಆಗ ಬೇರೆ ರಕ್ಷಣೆಯೂ ಬೇಕು.

ಶಿರಸಿ_ಟ್ಯೂಟರ್

ಅಕ್ಕ ಹೇಳಿದ ರಿಫಾಂಪಿಸಿನ್ ಮಾತಿಗೆ ಒಂದು ಸೇರಿಸುತ್ತೇನೆ. ಅದೇ ಕಿಣ್ವದಿಂದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡಿನ ಸತ್ವವೂ ತಗ್ಗುತ್ತದೆ, ಥೈರಾಕ್ಸಿನ್ ಡೋಸ್ ಏರಿಸಬೇಕಾಗಬಹುದು. ನಿಮ್ಮ ಎರಡು ಪಾಠಗಳು ಕೂಡುವ ಜಾಗ ಇದು. ಇನ್ನೊಂದು ಕೂಡುವ ಜಾಗ ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್. ಸಕ್ಕರೆ ಕಾಯಿಲೆಯವರಲ್ಲಿ ಇವು ಶುಗರನ್ನು ಮೇಲೆ ಕೆಳಗೆ ಮಾಡುತ್ತವೆ. ಇದೇ ಗುಂಪಿನ ಗ್ಯಾಟಿಫ್ಲಾಕ್ಸಾಸಿನ್ ಗುಳಿಗೆಯನ್ನು ಭಾರತದಲ್ಲಿ 2011ರಲ್ಲಿ ನಿಷೇಧಿಸಿದರು.

ಸ್ಟಿರಾಯ್ಡ್ ಯಾರೂ ಮುಟ್ಟಲಿಲ್ಲ. ಪ್ರೆಡ್ನಿಸೊಲೋನ್ ಬೆಳಿಗ್ಗೆ ತಿಂಡಿಯಾದ ಮೇಲೆ, ಯಾಕೆಂದರೆ ಮೈಯ ಕಾರ್ಟಿಸೋಲ್ ಏರುವುದೂ ಬೆಳಗಿನ ಹೊತ್ತೇ. ಮೂರು ವಾರ ಮೀರಿ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ ಕೆಲಸ ಬಿಟ್ಟಿರಬಹುದು. ತಟ್ಟನೆ ನಿಲ್ಲಿಸಿದರೆ ವಾಂತಿ, ಸುಸ್ತು, ಬಿಪಿ ಮತ್ತು ಶುಗರ್ ಇಳಿಕೆ, ಜೀವಕ್ಕೇ ಅಪಾಯ. ಆಪರೇಶನ್‌ಗೆ ಬಂದ ರೋಗಿ ಊಟ ನಿಲ್ಲಿಸಿದ್ದಾರೆ ಎಂದು ಸ್ಟಿರಾಯ್ಡ್ ಗುಳಿಗೆಯೂ ನಿಂತುಹೋಗುವುದು ಸಾಮಾನ್ಯ ತಪ್ಪು, ಹಾಗಾದಾಗ ನರದಲ್ಲಿ ಕೊಡಬೇಕೇ ಎಂದು ಕೇಳಿ. ಬದಲಾಯಿಸುವಾಗ ಲೆಕ್ಕ: ಹೈಡ್ರೋಕಾರ್ಟಿಸೋನ್ 20, ಪ್ರೆಡ್ನಿಸೊಲೋನ್ 5, ಡೆಕ್ಸಾಮೆಥಾಸೋನ್ 0.75 ಮಿ.ಗ್ರಾಂ ಸರಿಸಮ. ಸ್ಟಿರಾಯ್ಡ್ ಮೇಲಿರುವವರಿಗೆ ಸೋಂಕಾದರೂ ಜ್ವರ ಕಾಣದೇ ಇರಬಹುದು, ಥರ್ಮಾಮೀಟರ್ ಒಂದನ್ನೇ ನಂಬಬೇಡಿ.

ಕಾಳಿದಂಡೆ

ಲೆಕ್ಕ ಸರಿಯಾ ನೋಡಿ ಸರ್. 14 ಕಿಲೋ ಮಗು, ಸೆಫ್ಟ್ರಿಯಾಕ್ಸೋನ್ ಕಿಲೋಗೆ 50, ಒಟ್ಟು 700 ಮಿ.ಗ್ರಾಂ. 1 ಗ್ರಾಂ ವಯಲಿಗೆ 10 ಮಿ.ಲೀ. ಹಾಕಿದರೆ 7 ಮಿ.ಲೀ. ಕೊಡಬೇಕು. ವ್ಯಾಂಕೋಮೈಸಿನ್ 200 ಮಿ.ಲೀ., 60 ನಿಮಿಷ, 20 ಹನಿ ಸೆಟ್: ನಿಮಿಷಕ್ಕೆ 67 ಹನಿ.

ಶಿರಸಿ_ಟ್ಯೂಟರ್

ಎರಡನೆಯದು ಸರಿ. ಮೊದಲನೆಯದರಲ್ಲಿ ಪುಡಿಯೂ ಜಾಗ ಹಿಡಿಯುತ್ತದೆ ಅನ್ನೋದು ಬಿಟ್ಟುಹೋಗಿದೆ. 10 ಮಿ.ಲೀ. ನೀರು ಹಾಕಿದರೆ ಒಟ್ಟು 10.4ರ ಹತ್ತಿರ ಆಗುತ್ತದೆ, 7 ಮಿ.ಲೀ.ನಲ್ಲಿ ಸುಮಾರು 673 ಮಿ.ಗ್ರಾಂ ಮಾತ್ರ. 9.6 ಮಿ.ಲೀ. ಹಾಕಿದರೆ 1 ಮಿ.ಲೀ.ಗೆ ಸರಿಯಾಗಿ 100 ಮಿ.ಗ್ರಾಂ, ಆಗ ನಿಮ್ಮ 7 ಮಿ.ಲೀ. ಸರಿ. ಮಕ್ಕಳ ಡೋಸಿಗೆ ವಯಲಿನ ಜೊತೆ ಬರುವ ಚೀಟಿ ಓದಿಯೇ ನೀರು ಅಳೆಯಿರಿ. ವ್ಯಾಂಕೋಮೈಸಿನ್‌ಗೆ 60 ಹನಿಯ ಮೈಕ್ರೋ ಸೆಟ್ ಹಾಕಿದರೆ ನಿಮಿಷಕ್ಕೆ 200 ಹನಿ ಬರುತ್ತದೆ, ಅದನ್ನು ಕಣ್ಣಲ್ಲಿ ಎಣಿಸಲು ಆಗುವುದಿಲ್ಲ. 20ರ ಸೆಟ್ಟೇ ಹಾಕಿ, ಪಂಪ್ ಇದ್ದರೆ ಗಂಟೆಗೆ 200 ಮಿ.ಲೀ. ಎಂದು ಇಡಿ.